ಹಿಂದಿನಿಂದ ತೆರೆದ ಪುಸ್ತಕ

ಮನ್ಮಥಪ್ಪ ಸಂಭಾಷಣೆಯ ಪುಸ್ತಕವನ್ನು ಹಿಂದಿನಿಂದ ತೆರೆದ. ಎದುರಿಗೆ ಕೂತಿದ್ದ ಸಿನಿಮಾ ನಿರ್ದೇಶಕರು ನಕ್ಕರು. "ಅದು ಕೊನೇ ಪುಟ ಕಣ್ರೀ. ಮೊದಲಿಂದ ಓದಿ."

ಬೀದರ ಮೈಸೂರು ರಾಜ್ಯಕ್ಕೆ ಸೇರಿ ಆರು ತಿಂಗಳಾಗಿತ್ತು. ನಟರನ್ನು ಹುಡುಕಿಕೊಂಡು ಮೈಸೂರು ಕಡೆಯವರೊಬ್ಬರು ನಾಟಕದ ಡೇರೆಗೆ ಬಂದದ್ದು ಇದೇ ಮೊದಲು. ಭಾಲ್ಕಿ, ಔರಾದದ ಜನ ಇಪ್ಪತ್ತು ವರ್ಷ ನಾಟಕದಲ್ಲಿ ಮನ್ಮಥಪ್ಪ ಆಡಿದ ಕನ್ನಡಕ್ಕೆ ಚಪ್ಪಾಳೆ ತಟ್ಟಿದ್ದರು. ಆ ಮಾತುಗಳನ್ನೆಲ್ಲ ಅವನು ಉರ್ದು ಅಕ್ಷರಗಳಲ್ಲಿ, ಬಲದಿಂದ ಎಡಕ್ಕೆ ಬರೆದುಕೊಂಡು ಬಾಯಿಪಾಠ ಮಾಡಿದ್ದ. ಕನ್ನಡ ಅಕ್ಷರ ಕಲಿತೇ ಇರಲಿಲ್ಲ.

"ಒಮ್ಮಿ ನೀವೇ ಓದ್ರಿ ಸಾಹೇಬ್ರ," ಎಂದ. ಅವರು ಒಂದು ಪುಟ ಓದಿದರು. ಅವನು ಎದ್ದು ನಿಂತು ಒಂದು ಮಾತೂ ಬಿಡದೆ ಅಷ್ಟನ್ನೂ ಒಪ್ಪಿಸಿದ. ಹೊರಗೆ ಹೋಗುತ್ತಿದ್ದ ಟಾಂಗಾದವನು ಕುದುರೆ ನಿಲ್ಲಿಸಿ ಕಿವಿಗೊಟ್ಟ.

"ದನಿ ಚೆನ್ನಾಗಿದೆ," ಎಂದರು ನಿರ್ದೇಶಕರು. "ಆದ್ರೆ ನಮ್ಮಲ್ಲಿ ಮಾತು ದಿನಾ ಬದಲಾಗುತ್ತೆ. ಓದೋಕೇ ಬರದವರನ್ನ ಕಟ್ಕೊಂಡು ಏನು ಮಾಡ್ಲಿ?"

"ಓದ್ಲಾಕ ಬರ್ತದರಿ!" ಮನ್ಮಥಪ್ಪ ಸಿಡುಕಿದ. "ನಿಜಾಮನ ಸಾಲ್ಯಾಗ ಉರ್ದು ಕಲಿಸಿದ್ರು. ಕನ್ನಡ ನಮ್ಮವ್ವ ಕಲಿಸ್ಯಾಳ. ಆಕಿಗಿ ಬರಿಲಾಕ ಬರ್ತಿದ್ದಿಲ್ಲರಿ."

ನಿರ್ದೇಶಕರು ಪುಸ್ತಕ ವಾಪಸು ತೆಗೆದುಕೊಂಡು ಪಾತ್ರಗಳ ಪಟ್ಟಿಯ ಮೇಲೆ ಬೆರಳಾಡಿಸಿದರು. "ಒಂದು ಪಾತ್ರ ಇದೆ. ಸಾಹುಕಾರನ ಮನೆಯ ಮೂಗ ಆಳು. ಮಾಡ್ತೀರಾ?"

ಮನ್ಮಥಪ್ಪ ಬಾಯಿ ತೆರೆದ. ಆಮೇಲೆ ಮುಚ್ಚಿಕೊಂಡು, ಆಗಲಿ ಎಂಬಂತೆ ತಲೆ ಮಾತ್ರ ಆಡಿಸಿದ.

"ಹಾಂ, ಹಾಗೇ!" ನಿರ್ದೇಶಕರು ಕುರ್ಚಿಯಿಂದ ಎದ್ದೇಬಿಟ್ಟರು. "ನನಗೆ ಬೇಕಾಗಿದ್ದು ಅದೇ."