ಮಾತು ನಿಂತ ಮನೆ

ಒಳಗೆ ಬರುತ್ತಿರುವವನು ವೆಂಕಟರಮಣಪ್ಪ ಮೇಷ್ಟ್ರೇ ಎಂದು ತಿಳಿಯಲು ಭಾನುಪ್ರಿಯಾ ತಲೆ ಎತ್ತಬೇಕಾಗಿಯೇ ಇರಲಿಲ್ಲ. ದನಿ ಸಾಕಾಗಿತ್ತು. ಹೊರಗೆ ಬೆಂಚಿನ ಮೇಲೆ ಕುಳಿತಿದ್ದವರನ್ನು ಗದರಿ ಸರಿಸಿಕೊಂಡೇ ಅವನು ಬಾಗಿಲು ತಳ್ಳಿದ್ದ. ಹಿಂದೆ ಹೆಂಡತಿ ಅಕ್ಕಯಮ್ಮ, ಅವಳ ಹಿಂದೆ ಹದಿನೇಳರ ಮಗಳು ಕೀರ್ತನ.

ಅವನಿಗೆ ಭಾನುಪ್ರಿಯಾಳ ಗುರುತು ಹತ್ತಲಿಲ್ಲ. ಹತ್ತುವುದಾದರೂ ಹೇಗೆ? ತೂಬಗೆರೆ ಕಡೆಯ ಹಳ್ಳಿ ಶಾಲೆಯಲ್ಲಿ ಅವನು ಅವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. 'ತತ್ತಮ್ಮ' ಎನ್ನುತ್ತಿದ್ದ. ಉಗ್ಗುತ್ತಿದ್ದ ಹುಡುಗಿಯನ್ನು ದಿನವೂ ಎಬ್ಬಿಸಿ ನಿಲ್ಲಿಸಿ ಪಾಠ ಓದಿಸುತ್ತಿದ್ದ. ಅವಳು ತಡವರಿಸಿದ ಹಾಗೇ ತಾನೂ ತಡವರಿಸಿ ತೋರಿಸುತ್ತಿದ್ದ. ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು. ಆಮೇಲಾಮೇಲೆ ಅಂಗಡಿಯಲ್ಲಿ ಒಂದು ಸೋಪು ಕೇಳುವುದಕ್ಕೂ ಅವಳು ತಂಗಿಯನ್ನು ಕಳಿಸುವಂತಾಯಿತು. ಕಳೆದುಹೋದ ಮಾತು ಮರಳಲು ವರ್ಷಗಳು ಹಿಡಿದವು. ಅದಕ್ಕೆಂದೇ ಅವಳು ಮನಶ್ಶಾಸ್ತ್ರ ಓದಿದಳು, ದೊಡ್ಡಬಳ್ಳಾಪುರದಲ್ಲಿ ಈ ಸಲಹಾ ಕೇಂದ್ರ ತೆರೆದಳು. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿ ಕೆಲಸಗಾರರಲ್ಲಿ ನಿದ್ದೆ ಬಾರದವರು, ಸುಮ್ಮಸುಮ್ಮನೆ ಎದೆ ಡವಗುಟ್ಟುವವರು, ಮನೆಯಲ್ಲಿ ಜಗಳವಾಡಿ ಸೋತವರು ಅವಳಲ್ಲಿಗೆ ಬರುತ್ತಿದ್ದರು. ಈ ಮೇಷ್ಟ್ರು ಬಂದು ಎದುರಿಗೆ ಕೂರಬಹುದೆಂದು ಮಾತ್ರ ಅವಳು ಎಣಿಸಿರಲಿಲ್ಲ.

ಮಗಳು ಎರಡು ತಿಂಗಳಿಂದ ಬಾಯಿ ಬಿಟ್ಟಿಲ್ಲವಂತೆ. ಗಂಟಲು, ತಲೆ, ಎಲ್ಲ ಪರೀಕ್ಷೆಯೂ ಆಗಿತ್ತು. ಯಾವ ದೋಷವೂ ಇಲ್ಲವೆಂದು ಡಾಕ್ಟರುಗಳು ಹೇಳಿದ್ದರು. ಭಾನುಪ್ರಿಯಾ ಮಗಳನ್ನು ಕೇಳಿದ ಪ್ರಶ್ನೆಗೆ ಅಪ್ಪ ಉತ್ತರಿಸಿದ. ಹೆಂಡತಿಯನ್ನು ಕೇಳಿದ ಪ್ರಶ್ನೆಗೂ ಅವನೇ ಉತ್ತರಿಸಿದ. ಕೊನೆಗೆ ಅವಳು ಅವನನ್ನು ಹೊರಗೆ ಕೂರಿಸಬೇಕಾಯಿತು.

ಕುರ್ಚಿಯ ಅಂಚಿನಲ್ಲಿ ಕುಳಿತಿದ್ದ ಅಕ್ಕಯಮ್ಮ ಬಾಗಿಲು ಮುಚ್ಚಿದ ಮೇಲೆ ಮೆಲ್ಲಗೆ ಹೇಳಿದಳು. ಮಗಳಿಗೆ ಪರೀಕ್ಷೆಯ ಭಯ. ಹಾಲ್ ಒಳಗೆ ಕಾಲಿಟ್ಟರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು, ಕೈಕಾಲು ನಡುಗುತ್ತಿದ್ದವು. ಅಪ್ಪನಿಗೆ ಅದು ನಾಟಕದಂತೆ ಕಂಡಿತು. ಅರಿಶಿನಕುಂಟೆಯಲ್ಲಿ ನೆಂಟರ ಗೃಹಪ್ರವೇಶದ ದಿನ, ಊಟಕ್ಕೆ ಕುಳಿತ ಪಂಕ್ತಿಯ ಮುಂದೆ ನಿಂತು, ಎದೆ ಹಿಡಿದುಕೊಂಡು ಏದುಸಿರು ಬಿಟ್ಟು, ಮಗಳು ಹೇಗೆ ನಡುಗುತ್ತಾಳೆಂದು ಆಡಿ ತೋರಿಸಿದ. ಎಲೆಯ ಮುಂದೆ ಕುಳಿತವರೆಲ್ಲ ನಕ್ಕರು. ಅಂದು ಸಂಜೆಯಿಂದ ಹುಡುಗಿಯ ಮಾತು ನಿಂತಿತು.

ಭಾನುಪ್ರಿಯಾ ಮೇಜಿನ ಕೆಳಗೆ ಮುಷ್ಟಿ ಬಿಗಿದಳು. ಇವನು ಇನ್ನೂ ಹಾಗೆಯೇ ಇದ್ದಾನೆ. ಅವಳು ಅವನನ್ನು ಒಳಗೆ ಕರೆದಳು.

"ಕೀರ್ತನ ತಾನಾಗೇ ಮಾತಾಡೋವರೆಗೂ ನೀವು ಮನೇಲಿ ಒಂದು ಮಾತೂ ಆಡಬಾರದು ಸರ್."

"ನಾನಾ? ಕಾಯಿಲೆ ಅವಳಿಗಲ್ವೇನಮ್ಮ?"

"ನಿಮ್ಮಿಷ್ಟ. ಆಮೇಲೆ ಅವಳ ಮಾತು ಪೂರ್ತಿ ಹೋದ್ರೆ ನನ್ನ ಕೇಳಬೇಡಿ."

ಇಂಥ ಚಿಕಿತ್ಸೆ ಅವಳು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಆದರೆ ವೆಂಕಟರಮಣಪ್ಪ ಹೆದರಿದ. ಮನೆಯಲ್ಲಿ ಬಾಯಿ ಮುಚ್ಚಿದ.

ಅಷ್ಟಕ್ಕೇ ಅವಳು ಬಿಡಲಿಲ್ಲ. ಪ್ರತಿ ಶನಿವಾರ ಹೆಂಡತಿ ಮಗಳ ಎದುರೇ ಅವನನ್ನು ನಿಲ್ಲಿಸಿ ಕನ್ನಡ ಪಾಠ ಓದಿಸಿದಳು. ಮಗಳಿಗೆ ಧೈರ್ಯ ಬರಲಿ ಎಂದು ಕಾರಣ ಕೊಟ್ಟಳು. ಸಾಲು ಮುಗಿಯುವ ಮೊದಲೇ ತಡೆದು, ಸರಿಯಾಗಲಿಲ್ಲ, ಇನ್ನೊಮ್ಮೆ ಓದಿ ಎನ್ನುತ್ತಿದ್ದಳು. ಅವನ ಹಣೆ ಬೆವರುತ್ತಿತ್ತು. ಕೀರ್ತನ ರೆಪ್ಪೆ ಬಡಿಯದೆ ಅಪ್ಪನನ್ನೇ ನೋಡುತ್ತಿದ್ದಳು. ಹುಡುಗಿಗೆ ಅಪ್ಪನ ಭಯ ಇನ್ನೂ ಹೋಗಿಲ್ಲ ಎಂದುಕೊಂಡಳು ಭಾನುಪ್ರಿಯಾ.

ವಾರಗಳು ಕಳೆದಂತೆ ಅವನು ಬಗ್ಗಿದ. ಈಗ ಬೆಂಚಿನ ತುದಿಯಲ್ಲಿ, ತನ್ನ ಸರದಿ ಬರುವವರೆಗೂ ಮುದುಡಿ ಕೂರುತ್ತಿದ್ದ. ಊಟಕ್ಕೆ ಕುಳಿತಾಗ ಉಪ್ಪು ಬೇಕೆಂದು ಕೇಳುವುದಕ್ಕೂ ಆಗುತ್ತಿಲ್ಲವೆಂದು ಒಮ್ಮೆ ಗೋಗರೆದ. ಅಕ್ಕಯಮ್ಮ ಮಾತ್ರ ಇತ್ತೀಚೆಗೆ ಹೂ ಮುಡಿದು ಬರುತ್ತಿದ್ದಳು, ಕುರ್ಚಿಗೆ ಒರಗಿ ಕೂರುತ್ತಿದ್ದಳು. ಹೊರಡುವಾಗ ಪ್ರತಿ ಸಲ ಒಂದೇ ಮಾತು ಕೇಳುತ್ತಿದ್ದಳು.

"ಇನ್ನೂ ಸುಮಾರು ದಿನ ಬೇಕಾಗುತ್ತೆ, ಅಲ್ವಾ ಮೇಡಂ?"

ಪಾಪ, ತಾಯಿಯ ಕರುಳು ಎಂದುಕೊಳ್ಳುತ್ತಿದ್ದಳು ಭಾನುಪ್ರಿಯಾ.

ಒಂದು ಶನಿವಾರ ಅದು ಆಯಿತು. ಓದುತ್ತಿದ್ದ ಮೇಷ್ಟ್ರು ಒಂದು ಪದದ ಬಳಿ ನಿಂತ. "ಮೇ... ಮೇ... ಮೇಡಂ, ಸಾಕು," ಎಂದ. ಕಣ್ಣಲ್ಲಿ ನೀರಿತ್ತು. ಇಪ್ಪತ್ತು ವರ್ಷದಿಂದ ಅವಳು ಕನಸು ಕಂಡ ಗಳಿಗೆ ಅದೇ. ಎಷ್ಟೋ ಕಾಲದ ಮೇಲೆ ಅಂದು ಅವಳಿಗೆ ಊಟ ರುಚಿಸಿತು.

ಆದರೆ ಮಾರನೆಯ ದಿನ ಹುಡುಗಿಯ ನೆನಪು ಚುಚ್ಚಿತು. ತನ್ನ ಸೇಡು ತೀರಿತು, ಸರಿ. ಆ ಮಗು? ಒಂದಕ್ಷರವನ್ನೂ ಆಡಿಲ್ಲ. ತನ್ನಂತೆಯೇ ನೊಂದ ಒಬ್ಬಳನ್ನು ಹಗೆಗೆ ಬಳಸಿಕೊಂಡೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಮುಂದಿನ ಶನಿವಾರ ಅವಳು ಕೀರ್ತನಳನ್ನು ಒಬ್ಬಳನ್ನೇ ಒಳಗೆ ಕರೆದಳು. ತಾನು ಯಾರು, ಅವಳಪ್ಪ ತನಗೇನು ಮಾಡಿದ್ದ ಎಂಬುದನ್ನೆಲ್ಲ ಮುಚ್ಚಿಡದೆ ಹೇಳಿದಳು.

"ನನ್ನ ಸಿಟ್ಟಲ್ಲಿ ನಿನ್ನ ಮರೆತುಬಿಟ್ಟೆ ಕಣಮ್ಮ. ಬೆಂಗಳೂರಲ್ಲಿ ಒಳ್ಳೆ ಡಾಕ್ಟ್ರಿದ್ದಾರೆ, ಅವರ ಹತ್ರ ಕಳಿಸ್ತೀನಿ. ನಿಮ್ಮಪ್ಪಂಗೂ ಇವತ್ತಿಂದ ಮಾತಾಡಿ ಅಂತ ಹೇಳ್ತೀನಿ."

ಕೀರ್ತನ ಎದ್ದು ಹೋಗಿ ಬಾಗಿಲ ಚಿಲಕ ಹಾಕಿಕೊಂಡು ಬಂದಳು.

"ಅವರಿಗೆ ಹಾಗೆ ಹೇಳ್ಬೇಡಿ ಮೇಡಂ," ಎಂದಳು, ಎಲ್ಲಿಯೂ ತೊಡರದ ತಿಳಿ ದನಿಯಲ್ಲಿ. "ಅಪ್ಪ ಆಚೆ ಹೋದಾಗೆಲ್ಲ ನಾನೂ ಅಮ್ಮನೂ ಮೊದಲಿಂದಾನೂ ಮಾತಾಡ್ಕೊಂಡೇ ಇದ್ದೀವಿ, ಅವರಿಗೆ ಇನ್ನೊಂದು ವರ್ಷ ಇದೇ ಚಿಕಿತ್ಸೆ ಕೊಡಿ."