ಕಾಗದ ತಲುಪಬೇಕಾದ ವಿಳಾಸ

ಪರದೆಯ ಮೇಲಿನ ಜಗತ್ತಿನ ಭೂಪಟದಲ್ಲಿ ಕರಾವಳಿಗಳೆಲ್ಲ ಕೆಂಪಾಗಿದ್ದವು. ಹೂಡಿಕೆ ಸಲಹೆಗಾರ ಸುಧೀಂದ್ರ ಎಂದಿನ ಹುರುಪಿನಲ್ಲಿ ವಿವರಿಸುತ್ತಿದ್ದ.

"ಇನ್ನು ಮೂವತ್ತು ವರ್ಷದಲ್ಲಿ ಕಡಲು ಇಷ್ಟೂ ಊರುಗಳನ್ನು ನುಂಗ್ತದೆ, ಅಕ್ಕಾ. ತಡೆಗೋಡೆ ಕಟ್ಟುವ ಕಂಪನಿಗಳು ಎಲ್ಲ ದೇಶದಲ್ಲೂ ಬೆಳೀತವೆ. ಈಗಲೇ ಅದರಲ್ಲಿ ಹಣ ಹಾಕಿದವರು ಗೆದ್ದ ಹಾಗೆ."

"ಮೂವತ್ತು ವರ್ಷ ಬೇಕಾ ಅದಕ್ಕೆ?" ಎಂದಳು ಎದುರು ಕೂತಿದ್ದ ಹೆಂಗಸು.

ಅವಸರದ ಗಿರಾಕಿ ಎಂದುಕೊಂಡ ಅವನು. "ಸ್ವಲ್ಪ ತಾಳ್ಮೆ ಬೇಕು."

ಆಕೆ ಅರ್ಜಿಗೆ ಸಹಿ ಹಾಕಿ ಆಧಾರ್ ಕಾರ್ಡು ಮುಂದಿಟ್ಟಳು. ಅವನು ವಿಳಾಸ ಬರೆದುಕೊಂಡ.

"ಕಾಗದಪತ್ರ ಈ ಮನೆಗೇ ಕಳಿಸ್ತೇವೆ. ತಗೊಳ್ಳಲಿಕ್ಕೆ ಯಾರಾದ್ರೂ ಇರ್ತಾರಲ್ಲ?"

"ನಮ್ಮ ಯಜಮಾನ್ರು ಒಳಗೇ ಇದ್ದಾರೆ, ಹೋದ ಮಳೆಗಾಲ ಕಡಲು ಮನೆ ನುಂಗಿದ ಮೇಲೆ ಹೊರಗೆ ಬರ್ಲೇ ಇಲ್ಲ. ನಿಮ್ಮ ಪೋಸ್ಟಿನವ ದೋಣಿಯಲ್ಲಿ ಹೋಗ್ಬೇಕು, ಅಷ್ಟೇ."