ವೈರಿನ ತೂತು

ಡಿಶ್ ವೈರು ಒಳಬರುವ ಗೋಡೆಯ ತೂತಿನಿಂದ ನೀರು ಸೋರುತ್ತಿತ್ತು, ಅದೂ ಸರಿಯಾಗಿ ರುದ್ರೇಶನ ಹೆಂಡತಿಯ ಸೋದರಮಾವ ಮಲಗುವ ಹಾಸಿಗೆಯ ಮೇಲೆ. ಎರಡು ದಿನಕ್ಕೆಂದು ಬಂದ ಮಾವ ತಿಂಗಳಾದರೂ ಹೊರಡುವ ಮಾತೆತ್ತಿರಲಿಲ್ಲ.

“ಒಂದು ಹಿಡಿ ಸಿಮೆಂಟ್ ಮೆತ್ತೋಕೆ ನಿಮಗೇನು ರೋಗ?” ಎಂದಳು ಹೆಂಡತಿ.

“ಸುಮ್ನಿರೇ. ಹೊರಡಿ ಅಂತ ನಾವು ಬಾಯಿಬಿಟ್ಟು ಹೇಳೋಕಾಗುತ್ತಾ? ಮಳೆನೇ ಹೇಳ್ಲಿ” ಎಂದು ರುದ್ರೇಶ ಪಿಸುಗುಟ್ಟಿದ. ಅಷ್ಟಕ್ಕೇ ಬಿಡದೆ, ಹೊರಗೆ ಜೋತಾಡುತ್ತಿದ್ದ ವೈರನ್ನು ಬಿಗಿಯಾಗಿ ಎಳೆದು ಕಟ್ಟಿಬಂದ. ಈಗ ನೀರು ವೈರು ಹಿಡಿದುಕೊಂಡೇ ಸಲೀಸಾಗಿ ಒಳಗೆ ಬರುತ್ತಿತ್ತು.

ಮರುದಿನ ಸಂಜೆ ಜೋರು ಮಳೆ. ರುದ್ರೇಶ ಹಿಗ್ಗಿನಿಂದ ಕೋಣೆಗೆ ಇಣುಕಿದರೆ ಹಾಸಿಗೆ ಒಣಗಿಯೇ ಇದೆ, ಮಾವ ತೂತನ್ನು ಮುಟ್ಟಿ ನೋಡಿ ಸ್ಟೂಲಿನಿಂದ ಇಳಿಯುತ್ತಿದ್ದಾರೆ.

“ಬೆಳಗ್ಗೆನೇ ವೈರನ್ನ ತೂತಿಗಿಂತ ಕೆಳಗೆ ಜೋತುಬಿಟ್ಟೆ ಅಳಿಯಂದ್ರೇ, ನೀರೆಲ್ಲ ಹೊರಗೇ ತೊಟ್ಟಿಕ್ಕುತ್ತೆ. ತೂತಿಗೆ ಸಿಮೆಂಟೂ ಮೆತ್ತಿದೀನಿ.”

ರುದ್ರೇಶನ ಮುಖ ಇಂಗು ತಿಂದ ಮಂಗನಂತಾಯಿತು.

“ನೀವ್ಯಾಕೆ ತೊಂದ್ರೆ ತಗೊಂಡ್ರಿ ಮಾವ?”

“ನಾನು ಹೆಂಗೋ ಮಲಗ್ತಿದ್ದೆ. ಆದ್ರೆ ನಮ್ಮನೆಯವಳಿಗೆ ಥಂಡಿ ಆಗಿಬರಲ್ಲ ನೋಡಿ. ಸೋರೋದು ನಿಂತ ಮೇಲೇ ಫೋನ್ ಮಾಡ್ದೆ, ನಾಳೆ ಬೆಳಗ್ಗೆ ಬಸ್ಸಿಗೇ ಬರ್ತಿದಾಳೆ.”